ಪಿಳ್ಳಣ್ಣನ ದೊಡ್ಡಪ್ಪ ತೀರಿಕೊಂಡದ್ದು

ಸುದ್ದಗುಂಟೆಪಾಳ್ಯದ ಪಿಳ್ಳಣ್ಣನಿಗೆ ಕಿವಿ ಜಾಸ್ತಿ ಕೇಳಿಸುತ್ತಿತ್ತು. ಕಿವಿ ಕೇಳಿಸದವರ ಕಷ್ಟವನ್ನು ಜನ ಒಪ್ಪುತ್ತಾರೆ. ಒಂದು ಮಾತನ್ನು ಎರಡು ಸಲ ಹೇಳುತ್ತಾರೆ, ರಸ್ತೆ ದಾಟುವಾಗ ಕೈ ಹಿಡಿಯುತ್ತಾರೆ. ಜಾಸ್ತಿ ಕೇಳಿಸುವವನ ಕೈಯನ್ನು ಈ ಬೆಂಗಳೂರಿನಲ್ಲಿ ಇದುವರೆಗೆ ಯಾರೂ ಹಿಡಿದಿಲ್ಲ.

ಪ್ರಾಯವನ್ನೆಲ್ಲ ಅವನು ತಿಲಕ್ ನಗರದ ಹಿಟ್ಟಿನ ಗಿರಣಿಯಲ್ಲಿ ಕಳೆದಿದ್ದ. ಅಲ್ಲಿ ಇದ್ದಷ್ಟು ದಿನ ಅವನಿಗೆ ಯಾವ ಸದ್ದೂ ಸದ್ದಲ್ಲ. ಗಿರಣಿ ಬಿಟ್ಟು ಮನೆಯಲ್ಲಿ ಕೂತ ಮೇಲೆ ಏನಾಯಿತೋ, ಚಮಚ ಕೆಳಗೆ ಬಿದ್ದರೆ ಹಲ್ಲು ಕಿತ್ತಂತಾಗುತ್ತಿತ್ತು. ಕುಕ್ಕರ್ ಕೂಗಿದರೆ ಎದ್ದು ನಿಲ್ಲುತ್ತಿದ್ದ. ಜಯನಗರದ ಕಿವಿ ಡಾಕ್ಟರು ಅವನನ್ನು ಒಂದು ಗಾಜಿನ ಗೂಡಿನಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಕಿವಿ ಚೆನ್ನಾಗಿದೆ, ಸದ್ದು ತಡೆದುಕೊಳ್ಳುವ ಶಕ್ತಿ ಮಾತ್ರ ಕಮ್ಮಿಯಾಗಿದೆ, ಮನೆಯಲ್ಲಿ ಟಿವಿ ಸ್ವಲ್ಪ ಮೆಲ್ಲಗೆ ಇಟ್ಟುಕೊಳ್ಳಿ ಎಂದರು. ಜೊತೆಗೆ ಹೋಗಿದ್ದ ಹೆಂಡತಿ ಗೋವಿಂದಮ್ಮ ಈ ಮಾತಿನ ಮೊದಲರ್ಧವನ್ನು ಮಾತ್ರ ಮನೆಗೆ ತಂದಳು. ಬೀದಿಯಲ್ಲಿ ಕೇಳಿದವರಿಗೆಲ್ಲ, ಕಿವಿ ಚೆನ್ನಾಗಿದೆಯಂತೆ ಎಂದು ಹೇಳಿಕೊಂಡು ಬಂದಳು.

ಹಾಗೆಂದು ಗೋವಿಂದಮ್ಮ ಕೆಟ್ಟವಳಲ್ಲ. ಗಂಡನ ಕಿವಿಗಾಗಿ ಅವಳು ಬಾಗಿಲ ಕೀಲಿಗೆ ಎಣ್ಣೆ ಬಿಟ್ಟಳು. ಪಾತ್ರೆಗಳ ಕೆಳಗೆ ಹಳೇ ಸೀರೆ ಹಾಸಿದಳು. ಒಗ್ಗರಣೆ ಹಾಕುವ ಮುಂಚೆ, ಸಾಸಿವೆ ಸಿಡಿಯುತ್ತೆ, ಆಚೆ ಹೋಗು ಎಂದು ಹೇಳಿ ಹಾಕುತ್ತಿದ್ದಳು. ಆದರೆ ಸಂಜೆ ಧಾರಾವಾಹಿಯ ಹೊತ್ತಿಗೆ ಅವಳು ಬೇರೆ ಹೆಂಗಸಾಗುತ್ತಿದ್ದಳು. ಜೆ.ಪಿ. ನಗರದಲ್ಲಿರುವ ಮಗಳು ವನಿತಾ ಯುಗಾದಿಗೆ ತಂದುಕೊಟ್ಟ ಸೌಂಡ್ ಬಾಕ್ಸನ್ನು ಟಿವಿಯ ಕೆಳಗಿಟ್ಟು, ಸದ್ದನ್ನು ಅದು ಹೋಗುವಷ್ಟು ದೂರ ಕಳಿಸುತ್ತಿದ್ದಳು. ಸೊಸೆಯ ಕೈಯಿಂದ ತಟ್ಟೆ ಬಿದ್ದರೆ ಆ ತಟ್ಟೆ ಮೂರು ದಿಕ್ಕಿನಿಂದ ಮೂರು ಸಲ ಬೀಳುತ್ತಿತ್ತು. ಅತ್ತೆ ಕಣ್ಣು ತೆರೆದರೆ ಗುಡುಗು, ಮುಚ್ಚಿದರೂ ಗುಡುಗು. ಪಿಳ್ಳಣ್ಣ ಬೇಡಿಕೊಂಡ, ಜಗಳವಾಡಿದ, ಊಟ ಬಿಟ್ಟ. ಒಂದು ಸಂಜೆ ಫ್ಯೂಸನ್ನೇ ಕಿತ್ತ. ಅದು ಇಡೀ ಸಾಲಿನ ಫ್ಯೂಸಾಗಿದ್ದರಿಂದ ಎಲ್ಲ ಮನೆಯವರೂ ಬಂದು ಅವನಿಗೆ ಬುದ್ಧಿ ಹೇಳಿದರು. ಆ ಬುದ್ಧಿಯನ್ನೂ ಜೋರಾಗಿಯೇ ಹೇಳಿದರು.

ಸಾಲೆಂದರೆ ಶೀಟಿನ ಮನೆಗಳ ಸಾಲು. ಮೊದಲು ಅಲ್ಲಿ ರಾಗಿ ಹೊಲವಿತ್ತು, ಆಮೇಲೆ ದನದ ಕೊಟ್ಟಿಗೆ. ಕೊಟ್ಟಿಗೆಗೇ ನಡುನಡುವೆ ಗೋಡೆ ಎಬ್ಬಿಸಿ ಮನೆಗಳೆಂದು ಬಾಡಿಗೆಗೆ ಕೊಟ್ಟಿದ್ದರು. ಗೋಡೆ ಕಟ್ಟಿದವನಿಗೆ ಇಟ್ಟಿಗೆ ಸಾಲದೆ ಬಂತೋ ಏನೋ, ಒಂದು ಗೋಡೆಯೂ ಮೇಲಿನ ಶೀಟನ್ನು ಮುಟ್ಟುವುದಿಲ್ಲ. ಒಂದು ಮನೆಯಲ್ಲಿ ಸೀನಿದರೆ ಪಕ್ಕದ ಮನೆಯವರು ‘ನೂರು ವರ್ಷ’ ಅನ್ನುತ್ತಾರೆ.

ಆ ವಾರ ಧಾರಾವಾಹಿಯಲ್ಲಿ ಮದುವೆ. ನಾದಸ್ವರ, ಡೋಲು, ಅದರ ಮೇಲೆ ಅತ್ತೆಯ ಗುಡುಗು. ಪಿಳ್ಳಣ್ಣ ಟವೆಲನ್ನು ತಲೆಯ ಮೇಲಿಂದ ಕಿವಿ ಮುಚ್ಚುವ ಹಾಗೆ ಸುತ್ತಿಕೊಂಡು, ಹೊರಗಿನ ಮೆಟ್ಟಿಲ ಮೇಲೆ ಮೊಣಕಾಲಿಗೆ ಹಣೆ ಕೊಟ್ಟು ಕೂತ. ಹೀಗೆ ತಲೆಗೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ಕೂರುವುದಕ್ಕೆ ನಮ್ಮ ಕಡೆ ಒಂದೇ ಅರ್ಥ ಎನ್ನುವುದು ಆ ಹೊತ್ತಿಗೆ ಅವನಿಗೆ ನೆನಪಾಗಲಿಲ್ಲ.

ಜಾಹೀರಾತು ಬಂದಾಗ ಪಕ್ಕದ ಮನೆಯ ಲತಾಮಣಿ ಹೂವಿನ ತೊಟ್ಟು ಚೆಲ್ಲಲು ಹೊರಗೆ ಬಂದಳು. ಅವಳು ಮಲ್ಲಿಗೆ ಕಟ್ಟಿ ಮಾರುವವಳು. ಪಿಳ್ಳಣ್ಣನನ್ನು ನೋಡಿ ಮೊರ ಕೆಳಗಿಟ್ಟಳು.

“ಯಾರು ಹೋದ್ರಣ್ಣ?”

ಪಿಳ್ಳಣ್ಣ ತಲೆ ಎತ್ತಿದ. ಡೋಲಿನ ಏಟಿಗೆ ಕಣ್ಣಲ್ಲಿ ನೀರು ಬಂದಿತ್ತು. ಯಾರೂ ಹೋಗಿಲ್ಲ ಎನ್ನಲು ಬಾಯಿ ತೆರೆದ. ಆದರೆ ಆ ಕಣ್ಣು ನೋಡಿದ ಮೇಲೆ ಲತಾಮಣಿ ಉತ್ತರಕ್ಕೆ ಕಾಯಲಿಲ್ಲ. ನೇರವಾಗಿ ಒಳಗೆ ಹೋಗಿ, ಇಂಥ ದಿನ ಟಿವಿ ಹಾಕಿಕೊಂಡು ಕೂತಿದ್ದೀರಲ್ಲ ಅಕ್ಕ ಎಂದು ಗೋವಿಂದಮ್ಮನ ಟಿವಿ ಆರಿಸಿದಳು. ಮುಂದಿನ ಮನೆಗೆ ಹೋಗಿ ಅಲ್ಲಿಯೂ ಹೇಳಿದಳು. ಸಾವಿನ ಮನೆಯ ಪಕ್ಕ ಟಿವಿ ಹಾಕುವ ಪದ್ಧತಿ ಆ ಸಾಲಿನಲ್ಲಿ ಇರಲಿಲ್ಲ. ಒಂದರ ಹಿಂದೆ ಒಂದು ಟಿವಿ ಬಾಯಿ ಮುಚ್ಚಿತು. ಕೊನೆಯ ಮನೆಯ ಮಿಕ್ಸಿಯೂ ನಿಂತಿತು.

ಪಿಳ್ಳಣ್ಣ ಟವೆಲ್ ಬಿಚ್ಚಿದ. ನಲ್ಲಿಯಿಂದ ಬಕೆಟ್ಟಿಗೆ ಹನಿ ಬೀಳುವುದು ಕೇಳಿಸಿತು. ಗೋಡೆಯ ಮೇಲೆ ಬೆಕ್ಕು ನಡೆಯುವುದು ಕೇಳಿಸಿತು. ದೂರದ ಬನ್ನೇರುಘಟ್ಟ ರಸ್ತೆ ಹೊಳೆಯ ಹಾಗೆ ಕೇಳಿಸಿತು. ಬಾಯಿಯವರೆಗೂ ಬಂದಿದ್ದ ನಿಜ ಹಿಂದಕ್ಕೆ ಇಳಿದು ಹೋಯಿತು.

“ಅರೆಕೆರೆ ದೊಡ್ಡಪ್ಪ” ಎಂದ.

ಅರೆಕೆರೆ ಯಾಕೆ ಬಂತೆಂದು ಅವನಿಗೂ ಗೊತ್ತಿಲ್ಲ. ಬೆಳಿಗ್ಗೆ ಅರೆಕೆರೆಗೆ ಹೋಗುವ ಬಸ್ಸೊಂದು ಅವನ ಕಿವಿಯ ಪಕ್ಕ ಹಾರನ್ ಹೊಡೆದಿತ್ತು. ಆ ಸಿಟ್ಟೇ ಇರಬೇಕು.

ಗೋವಿಂದಮ್ಮ ಹೊರಗೆ ಬರುವಷ್ಟರಲ್ಲಿ ಮೆಟ್ಟಿಲ ಸುತ್ತ ಜನ ಸೇರಿದ್ದರು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಅರೆಕೆರೆಯ ದೊಡ್ಡಪ್ಪನ ಹೆಸರು ಕೇಳಿರಲಿಲ್ಲ. ಅವಳ ಮಾವ ಒಬ್ಬನೇ ಮಗ. ಅವಳು ಗಂಡನ ಮುಖ ನೋಡಿದಳು. ಗಂಡ ನೆಲ ನೋಡಿದ. ಅವಳು ಆರಿದ ಟಿವಿಯ ಕಡೆ ತಿರುಗಿ ನೋಡಿದಳು, ಮತ್ತೆ ಗಂಡನ ಮುಖ ನೋಡಿದಳು. ಎಲ್ಲವೂ ಅವಳಿಗೆ ತಿಳಿಯಿತು. ಅಷ್ಟು ಜನರ ಮುಂದೆ ಗಂಡನ ಮಾನ ಕಳೆಯುವ ಹೆಂಗಸಲ್ಲ ಅವಳು. ಸೆರಗನ್ನು ಬಾಯಿಗೆ ಹಿಡಿದು ಅವನ ಪಕ್ಕದಲ್ಲೇ ಕೂತು, ಬಲಗಿವಿಯ ಹತ್ತಿರಕ್ಕೆ ಬಾಯಿ ತಂದು, ದೊಡ್ಡ ಮಾವನನ್ನು ನೆನೆದು ಒಂದು ರಾಗ ತೆಗೆದಳು. ಅದರ ಮುಂದೆ ಸೌಂಡ್ ಬಾಕ್ಸ್ ಏನೂ ಅಲ್ಲ.

ಯುವಕರ ಸಂಘದ ಅಧ್ಯಕ್ಷ ಮಹೇಶ್ ಬಂದ. ಅವನು ಯುವಕನಾಗಿ ಬಹಳ ವರ್ಷಗಳಾಗಿದ್ದವು, ಬೇರೆ ಯಾರೂ ಆ ಕೆಲಸ ಕೇಳಿರಲಿಲ್ಲ. ಹೆಣ ಎಲ್ಲಿದೆ ಎಂದು ಕೇಳಿದ. ಮಧ್ಯಾಹ್ನವೇ ಮಣ್ಣಾಯಿತು, ಸುದ್ದಿ ಈಗ ಬಂತು ಎಂದ ಪಿಳ್ಳಣ್ಣ. ಮಕ್ಕಳೆಷ್ಟು ಎಂದು ಕೇಳಿದ. ಮಕ್ಕಳಿದ್ದಾರೆಂದರೆ ಅವರ ಹೆಸರು ಕೇಳುತ್ತಾನೆ ಎಂದು ಹೆದರಿ, ಪಿಳ್ಳಣ್ಣ ಮಕ್ಕಳಿಲ್ಲ ಎಂದುಬಿಟ್ಟ. ಹಾಗಾದರೆ ಭಜನೆ ಇಡಿಸೋಣ, ಮೈಕ್ ಸೆಟ್ ನನ್ನದು ಎಂದ ಮಹೇಶ್. ಪಿಳ್ಳಣ್ಣ ಎರಡೂ ಕೈ ಅಡ್ಡ ಹಿಡಿದ.

“ಬೇಡ ಕಣಪ್ಪ. ದೊಡ್ಡಪ್ಪಂಗೆ ಸದ್ದು ಅಂದ್ರೆ ಆಗ್ತಿರ್ಲಿಲ್ಲ. ಹನ್ನೊಂದು ದಿನ ಬೀದೀಲಿ ಸದ್ದು ಮಾಡ್ಬೇಡಿ ಅನ್ನೋದೇ ಅವ್ರ ಕೊನೇ ಮಾತಂತೆ.”

ಕೊನೆಯ ಮಾತೆಂದ ಮೇಲೆ ಮಹೇಶ್ ಸುಮ್ಮನಿರುವವನಲ್ಲ. ಮಾರನೆಯ ಬೆಳಿಗ್ಗೆ ಬೀದಿಯ ತುದಿಯಲ್ಲೇ ನಿಂತು, ಬರುವ ಸ್ಕೂಟರುಗಳನ್ನು ಆಫ್ ಮಾಡಿಸಿ ತಳ್ಳಿಸಿದ. ಸೊಪ್ಪಿನ ಗಾಡಿಯವನ ಧ್ವನಿವರ್ಧಕ ಕಸಿದುಕೊಂಡ. ಪಾಪ ಸೊಪ್ಪಿನವನು ಮನೆ ಮನೆ ಬಾಗಿಲಿಗೆ ಹೋಗಿ ‘ದಂಟು, ಸಬ್ಬಸಿಗೆ’ ಎಂದು ಗುಟ್ಟು ಹೇಳುವ ಹಾಗೆ ಹೇಳಿದ. ಅವನ ವ್ಯಾಪಾರ ಆ ದಿನ ಬೇಗ ಮುಗಿಯಿತು, ಏನು ಗುಟ್ಟೆಂದು ಕೇಳಲು ಬಂದವರೆಲ್ಲ ಸೊಪ್ಪು ಕೊಂಡರು. ಪಿಳ್ಳಣ್ಣ ಮೆಟ್ಟಿಲ ಮೇಲೆ ಕೂತು ಬೆಳಗಿನ ಸುಖ ಅನುಭವಿಸಿದ. ದೊಡ್ಡಪ್ಪ ಇನ್ನೂ ಸ್ವಲ್ಪ ಮುಂಚೆಯೇ ಸಾಯಬಹುದಿತ್ತು ಎಂದು ಅವನಿಗೆ ಅನಿಸಿತು.

ಸುಖ ಮಧ್ಯಾಹ್ನಕ್ಕೆ ಮುಗಿಯಿತು. ಗೋವಿಂದಮ್ಮ ತನ್ನ ಕಡೆಯ ನೆಂಟರಿಗೆಲ್ಲ ಫೋನು ಮಾಡಿಸಿದ್ದಳು. ಸಾವಿನ ಮನೆಗೆ ಬಂದವರು ಬಾಗಿಲಲ್ಲಿಯೇ ಒಂದು ಸಲ ಅತ್ತು ಒಳಗೆ ಬರಬೇಕು. ಯಾರದೋ ಕತ್ತು ಹಿಡಿದು ಅಳಬೇಕು. ಬಂದವರಿಗೆಲ್ಲ ಅವಳು ಗಂಡನ ಕತ್ತು ತೋರಿಸಿದಳು. ಬನಶಂಕರಿಯಿಂದ ಬಂದ ಒಬ್ಬ ಚಿಕ್ಕಮ್ಮ ಕಂಡವಳೇ ಅವನ ಎರಡೂ ಕಿವಿಗೆ ಹಂಚಿ ಅತ್ತಳು. ಸತ್ತವರ ಗುಣ ಹೇಳಬೇಕಲ್ಲ, ದೊಡ್ಡಪ್ಪ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ್ದನ್ನೂ ಹೇಳಿ ಅತ್ತಳು. ಕೇಳುತ್ತಾ ಕೇಳುತ್ತಾ ಪಿಳ್ಳಣ್ಣನಿಗೆ ತನಗೆ ನಿಜವಾಗಿ ಒಬ್ಬ ದೊಡ್ಡಪ್ಪ ಇದ್ದನೇನೋ ಎಂಬ ಅನುಮಾನ ಬಂತು.

ಊಟಕ್ಕೆ ಬರೀ ಗಂಜಿ. ಸೂತಕದ ಮನೆಯಲ್ಲಿ ಒಗ್ಗರಣೆಯಿಲ್ಲ ಎಂದಳು ಗೋವಿಂದಮ್ಮ. ಯಾರೂ ಇಲ್ಲದಾಗ ಅವನು, ನಿನಗೆ ಗೊತ್ತಿದೆಯಲ್ಲ ಎಂದು ಮೆಲ್ಲಗೆ ಕೇಳಿದ.

“ಏನ್ ಗೊತ್ತಿರ್ಬೇಕು?” ಎಂದಳು ಅವಳು. “ದೊಡ್ಡ ಮಾವ ಹೋದ್ರು. ಮಕ್ಕಳಿಲ್ಲ. ಮಗನ ಜಾಗದಲ್ಲಿ ನೀನಿದ್ದೀಯ. ನಾಳೆ ಹಾಲು-ತುಪ್ಪ, ಮೀಸೆ ತೆಗೀಬೇಕು.”

ಮೀಸೆಯ ವಿಷಯ ಅವನ ಲೆಕ್ಕದಲ್ಲಿ ಇರಲಿಲ್ಲ. ಗಿರಣಿಯಲ್ಲಿ ಹಿಟ್ಟು ಕೂತು ಬೆಳ್ಳಗಾಗಿ, ಆಮೇಲೆ ವಯಸ್ಸಿಗೇ ಬೆಳ್ಳಗಾಗಿ, ಎರಡು ಕಾಲದಲ್ಲೂ ಒಂದೇ ಬಣ್ಣವಿದ್ದ ಮೀಸೆ ಅದು. ಹಾಲು-ತುಪ್ಪದ ದಿನ ಬೆಳಿಗ್ಗೆ ಮಹೇಶ್ ಕ್ಷೌರಿಕನನ್ನು ಕರೆದುಕೊಂಡೇ ಬಂದ. ಮೀಸೆ ಹೋದ ಮೇಲೆ ಪಿಳ್ಳಣ್ಣ ಕನ್ನಡಿ ನೋಡಿದ. ಅವನ ಅಮ್ಮ ಕಾಣಿಸಿದಳು.

ಮಣ್ಣು ಮಾಡಿದ ಮೂರನೆಯ ದಿನ ಗುಂಡಿಯ ಮೇಲೆ ಹಾಲು, ತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದ ಅಡಿಗೆಯನ್ನು ಎಲೆಯಲ್ಲಿ ಎಡೆ ಇಡುವುದು ಪದ್ಧತಿ. ದೊಡ್ಡ ಮಾವನಿಗೆ ಏನು ಇಷ್ಟ ಎಂದು ಗೋವಿಂದಮ್ಮ ಎಲ್ಲರ ಮುಂದೆ ಕೇಳಿದಾಗ, ಗಂಜಿಯಲ್ಲಿ ಸೊರಗಿದ್ದ ಪಿಳ್ಳಣ್ಣ ಯೋಚಿಸದೆ ನಾಟಿಕೋಳಿ ಸಾರು, ಮುದ್ದೆ, ಒಬ್ಬಟ್ಟು ಎಂದಿದ್ದ. ಅವಳು ಎಲ್ಲವನ್ನೂ ಮಾಡಿದಳು, ಚೆನ್ನಾಗಿಯೇ ಮಾಡಿದಳು. ಎಡೆಯನ್ನು ಕಾಗೆ ಮುಟ್ಟುವವರೆಗೆ ಮನೆಯವರು ಮುಟ್ಟುವಂತಿಲ್ಲ ಎಂದು ಮುಚ್ಚಳ ಹಾಕಿ ತೊಡೆಯ ಮೇಲಿಟ್ಟುಕೊಂಡು ಟೆಂಪೋ ಹತ್ತಿದಳು. ಮಹೇಶ್, ಲತಾಮಣಿ, ಬನಶಂಕರಿಯ ಚಿಕ್ಕಮ್ಮ, ಸಾಲಿನ ಮಿಕ್ಕವರು ಎಲ್ಲ ಹತ್ತಿದರು. ಟೆಂಪೋ ಎಲ್ಲಾದರೂ ಕೆಟ್ಟು ನಿಲ್ಲಲಿ ಎಂದು ಪಿಳ್ಳಣ್ಣ ದಾರಿಯುದ್ದಕ್ಕೂ ಕೈಮುಗಿದ. ಬನ್ನೇರುಘಟ್ಟ ರಸ್ತೆ ಹುಟ್ಟಿದಾಗಿನಿಂದ ಅಂದೊಂದು ದಿನ ಖಾಲಿಯಿತ್ತು.

ಅರೆಕೆರೆಯ ಸ್ಮಶಾನದಲ್ಲಿ ಹಸಿ ಮಣ್ಣಿನ ಗುಂಡಿ ಒಂದೇ ಒಂದಿತ್ತು. ಹುಡುಕುವ ಕಷ್ಟವೇ ಬರಲಿಲ್ಲ. ಅದರ ಸುತ್ತ ಆಗಲೇ ಒಂದು ಮನೆಯವರು ಎಡೆ ಇಟ್ಟು ನಿಂತಿದ್ದರು. ಸತ್ತವರ ಮಗ, ಚಿದಾನಂದ್ ಎಂಬವನು, ಇಷ್ಟು ಜನ ಅಳುತ್ತಾ ಬರುವುದನ್ನು ನೋಡಿ ಜಾಗ ಬಿಟ್ಟುಕೊಟ್ಟ. ಗುಂಡಿಯ ಹತ್ತಿರ ಅಳುತ್ತಾ ಬಂದವರನ್ನು ನೀವು ಯಾರೆಂದು ಕೇಳುವುದು ಸಭ್ಯತೆಯಲ್ಲ. ಮಕ್ಕಳಿಲ್ಲವೆಂದರಲ್ಲ, ಇವರು ಯಾರು ಎಂದು ಮಹೇಶ್ ಕಿವಿಯಲ್ಲಿ ಕೇಳಿದ. ಬಾಡಿಗೆದಾರರು ಎಂದ ಪಿಳ್ಳಣ್ಣ. ಯಾರದೋ ಗುಂಡಿಗೆ ಹಾಲು ಬಿಟ್ಟ, ತುಪ್ಪ ಬಿಟ್ಟ. ಗೋವಿಂದಮ್ಮ ಎಲೆ ಹಾಸಿ ಬಡಿಸಿದಳು. ಎಲ್ಲರೂ ದೂರ ಸರಿದು ಕಾಗೆಗೆ ಕಾದರು.

ಕಾಗೆ ಕಾಂಪೌಂಡಿನ ಮೇಲೆ ಕೂತಿತ್ತು. ಬರಲಿಲ್ಲ.

ಸತ್ತವರಿಗೆ ಏನೋ ಆಸೆ ಉಳಿದಿದ್ದರೆ ಕಾಗೆ ಎಡೆ ಮುಟ್ಟುವುದಿಲ್ಲ. ಉಳಿದವರು ಅದನ್ನು ಊಹಿಸಿ, ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ಚಿದಾನಂದ್ ಬೆಳಿಗ್ಗೆಯಿಂದ ತಮ್ಮನ ಮದುವೆ ಮಾಡುತ್ತೇನೆಂದ, ತಂಗಿಯ ಜೊತೆ ಮಾತಾಡುತ್ತೇನೆಂದ, ಬೀಡಿ ಕಟ್ಟನ್ನೂ ಎಲೆಯ ಪಕ್ಕ ಇಟ್ಟ. ಕಾಗೆ ಕತ್ತು ಓರೆ ಮಾಡಿ ಎಲ್ಲವನ್ನೂ ಕೇಳಿಸಿಕೊಂಡು ಅಲ್ಲೇ ಕೂತಿತ್ತು.

ಆಗ ಗೋವಿಂದಮ್ಮ ಮುಂದೆ ಬಂದಳು. ಸೆರಗು ಸರಿಮಾಡಿಕೊಂಡು, ಗುಂಡಿಗೆ ಕೈಮುಗಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ದೊಡ್ಡ ಮಾವ, ನಿಮ್ಮಾಸೆ ಏನಂತ ನಂಗೊತ್ತು. ಮನೇಲಿ ಟಿವಿ ಸೌಂಡಿನ ವಿಚಾರಕ್ಕೆ ನಿಮ್ ಮಗ ಇನ್ಮೇಲೆ ಬಾಯಿ ಬಿಡಲ್ಲ. ಸಾಯೋವರ್ಗೂ ಬಿಡಲ್ಲ ಅಂತ ನಿಮ್ಮೆದುರ್ಗೇ ಮಾತ್ ಕೊಡ್ತಾನೆ. ಬಂದು ಊಟ ಮಾಡಿ.”

ಎಲ್ಲರೂ ಪಿಳ್ಳಣ್ಣನ ಕಡೆ ತಿರುಗಿದರು. ಕಾಗೆಯೂ ತಿರುಗಿತು. ಸ್ಮಶಾನದಲ್ಲಿ ಕೊಟ್ಟ ಮಾತನ್ನು ಮುರಿಯುವ ಧೈರ್ಯ ಯಾರಿಗಿದೆ. ಕೊಟ್ಟರೆ ಬದುಕಿರುವವರೆಗೆ ಸಂಜೆ ಸಂಜೆ ಡೋಲು, ಸಂಜೆ ಸಂಜೆ ಗುಡುಗು. ಮೀಸೆ ಹೋಗಿದ್ದಕ್ಕೆ ಅವನು ಸುಮ್ಮನಿದ್ದ, ಗಂಜಿಗೂ ಸುಮ್ಮನಿದ್ದ. ಇದಕ್ಕೆ ಆಗಲಿಲ್ಲ.

“ಕೊಡಲ್ಲ” ಎಂದ. “ದೊಡ್ಡಪ್ಪನೂ ಇಲ್ಲ, ಯಾರೂ ಇಲ್ಲ. ಟಿವಿ ಸದ್ದು ತಡೀಲಾರ್ದೆ ಟವೆಲ್ ಕಟ್ಕೊಂಡು ಕೂತಿದ್ದೆ. ನೀವೆಲ್ಲ ಟಿವಿ ಆರಿಸಿದ್ರಿ. ನಂಗೆ ಅಷ್ಟು ಚೆನ್ನಾಗಿತ್ತು, ಇಲ್ಲ ಅನ್ನಕ್ಕೆ ಮನ್ಸು ಬರ್ಲಿಲ್ಲ.”

ಕಾಗೆ ಕಾಂಪೌಂಡಿನಿಂದ ಇಳಿದು ಬಂತು. ನೇರವಾಗಿ ಗೋವಿಂದಮ್ಮನ ಎಲೆಗೆ ಬಂದು ಕೋಳಿಯ ತುಂಡು ಹಿಡಿಯಿತು. ಆಮೇಲೆ ಚಿದಾನಂದ್‌ನ ಎಲೆಗೂ ಹೋಗಿ ವಡೆಯೊಂದನ್ನು ಕಚ್ಚಿ ಹಾರಿತು. ಅದು ಸತ್ಯಕ್ಕೆ ಬಂತೋ ನಾಟಿಕೋಳಿಗೆ ಬಂತೋ ಎಂದು ಅರೆಕೆರೆಯಲ್ಲಿ ಇನ್ನೂ ಎರಡು ಪಕ್ಷವಿದೆ.

ಮಹೇಶ್ ತೋಳು ಮಡಿಸಿದ. ಬೀದಿಯಲ್ಲಿ ಸ್ಕೂಟರು ತಳ್ಳಿಸಿದ ತನ್ನ ಮರ್ಯಾದೆ ಏನಾಯಿತು ಎಂದು ಕೇಳಿದ. ಬನಶಂಕರಿಯ ಚಿಕ್ಕಮ್ಮ, ಜಾತ್ರೆಗೆ ಹೆಗಲ ಮೇಲೆ ಕೂರಿಸಿಕೊಂಡು ಹೋದವರು ಹಾಗಾದರೆ ಬೇರೆ ಯಾರೋ ಇರಬೇಕು ಎಂದು ಹಿಂದೆ ಸರಿದಳು. ಪಿಳ್ಳಣ್ಣನನ್ನು ಉಳಿಸಿದವನು ಚಿದಾನಂದ್. ಅವನು ಬಂದು ಎರಡೂ ಕೈ ಹಿಡಿದುಕೊಂಡ.

“ನೀವ್ ಯಾರೋ ಏನೋ ಯಜಮಾನ್ರೆ. ನಮ್ಮಪ್ಪ ಬೆಳಿಗ್ಗೆಯಿಂದ ಉಪವಾಸ ಇದ್ರು. ನಿಮ್ಮಿಂದ ಊಟ ಮಾಡಿದ್ರು. ತಿಥಿಗೆ ಎಲ್ರೂ ಬರ್ಬೇಕು.”

ತಿಥಿಯ ಊಟಕ್ಕೆ ಕರೆದ ಮೇಲೆ ಸಿಟ್ಟು ಹಿಡಿದುಕೊಂಡಿರುವುದು ಕಷ್ಟ. ಎಲ್ಲರೂ ಟೆಂಪೋ ಹತ್ತಿದರು. ಪಿಳ್ಳಣ್ಣನಿಗೆ ಮೂಲೆಯಲ್ಲಿ ಜಾಗ ಕೊಟ್ಟು, ಅವನ ಕಡೆ ಯಾರೂ ನೋಡದಂತೆ ಕೂತರು. ಟೆಂಪೋ ಹೊರಟು ಸ್ವಲ್ಪ ದೂರ ಹೋದ ಮೇಲೆ ಲತಾಮಣಿ ಸೆರಗಿನ ತುದಿ ಸುತ್ತುತ್ತಾ ಬಾಯಿ ಬಿಟ್ಟಳು.

“ತಪ್ಪು ನಂದಣ್ಣ. ಅಕ್ಕನ್ನ ಏನೂ ಅನ್ಬೇಡಿ.”

ಗೋವಿಂದಮ್ಮ ಅವಳ ಕೈ ಅದುಮಿದಳು. ಲತಾಮಣಿ ನಿಲ್ಲಿಸಲಿಲ್ಲ. ಅವಳ ಮನೆಯ ಟಿವಿಗೆ ಸದ್ದು ಹೋಗಿ ಎಷ್ಟೋ ದಿನವಾಗಿತ್ತು. ಚಿತ್ರ ಮಾತ್ರ ಬರುತ್ತಿತ್ತು. ಹಳೇ ಡಬ್ಬಾ ಟಿವಿ, ರಿಪೇರಿಗೆ ಸಾಮಾನು ಸಿಗುವುದಿಲ್ಲ ಎಂದಿದ್ದರು. ಆ ಸಾಲಿನಲ್ಲಿ ಮೊದಲು ಟಿವಿ ಬಂದದ್ದು ಅವಳ ಮನೆಗೆ. ಒಂದು ಕಾಲದಲ್ಲಿ ಬೀದಿಯವರೆಲ್ಲ ಅವಳ ಬಾಗಿಲಲ್ಲಿ ನಿಂತು ನೋಡಿದ್ದರು. ಈಗ ಅದೇ ಮೂಕವಾಗಿದೆ ಎಂದು ಹೇಳಿಕೊಳ್ಳಲು ನಾಚಿಕೆ. ಯಾರಿಗೂ ಹೇಳುವುದಿಲ್ಲವೆಂದು ಗೋವಿಂದಮ್ಮನಿಂದ ಆಣೆ ಹಾಕಿಸಿಕೊಂಡಿದ್ದಳು. ಚಿತ್ರವನ್ನು ಹೂ ಕಟ್ಟುತ್ತಾ ತನ್ನ ಮನೆಯಲ್ಲಿ ನೋಡುತ್ತಿದ್ದಳು. ಸದ್ದು ಗೋಡೆಯ ಮೇಲಿಂದ ಗೋವಿಂದಮ್ಮನ ಮನೆಯಿಂದ ಬರುತ್ತಿತ್ತು.

ಅಂದರೆ ಮೊನ್ನೆ ಸಂಜೆ ಅವಳು ಆರಿಸಿದ್ದು ತನ್ನ ಸದ್ದನ್ನೇ. ಗೋವಿಂದಮ್ಮ ಪಾತ್ರೆಯ ಮುಚ್ಚಳ ತೆಗೆದು, ಉಳಿದಿದ್ದ ಕೋಳಿಯ ಕಾಲನ್ನು ಅವನ ಕೈಗೆ ಕೊಟ್ಟಳು.

ಆ ಸಂಜೆ ಧಾರಾವಾಹಿಯಲ್ಲಿ ತಾಳಿ ಕಟ್ಟುವ ದಿನ. ಗೋವಿಂದಮ್ಮ ಸೌಂಡ್ ಬಾಕ್ಸಿನ ತಂತಿ ಕಿತ್ತಿಟ್ಟು ಟಿವಿಯನ್ನು ಮೆಲ್ಲಗೆ ಹಾಕಿದಳು. ಅವಳಿಗೇ ಅರ್ಧ ಕೇಳಿಸಲಿಲ್ಲ. ಬಯಸಿದ್ದೆಲ್ಲ ಸಿಕ್ಕಿದ ಪಿಳ್ಳಣ್ಣ ಗೋಡೆಗೆ ಒರಗಿ ಕೂತ. ಗೋಡೆಯ ಆಚೆ ಲತಾಮಣಿ ನಾರು ಎಳೆಯುವ ಸದ್ದು ಅವನ ಕಿವಿಗೆ ಬಂತು. ನಡುನಡುವೆ ಅದು ನಿಲ್ಲುತ್ತಿತ್ತು. ಬಾಯಿ ಅಲ್ಲಾಡಿಸುತ್ತಿರುವ ಅತ್ತೆಯನ್ನು ಆಕೆ ನೋಡುತ್ತಾ ಕೂತಿರಬೇಕು. ಅವಳನ್ನು ಇಲ್ಲಿಗೇ ಕರೆಯಬಾರದೇ ಎಂದ. ಕರೆದೆ, ಬುಟ್ಟಿ, ನಾರು, ಒದ್ದೆ ಬಟ್ಟೆ ಎಲ್ಲ ಬಿಟ್ಟು ಬರಲಾಗುವುದಿಲ್ಲವಂತೆ ಎಂದಳು ಗೋವಿಂದಮ್ಮ.

ಪಿಳ್ಳಣ್ಣ ಎದ್ದು ಮುಕ್ಕಾಲಿಯನ್ನು ಗೋಡೆಯ ಬುಡಕ್ಕೆ ಎಳೆದು ಹತ್ತಿ ನಿಂತ. ಟಿವಿಯ ಪಿಸುಮಾತು ಬೇರೆ ಯಾರಿಗೆ ಕೇಳಿಸದಿದ್ದರೂ ಅವನಿಗೆ ಚೆನ್ನಾಗಿ ಕೇಳಿಸುತ್ತಿತ್ತು.

“ಲತಾಮಣಿ, ಅತ್ತೆ ಹೇಳ್ತಾವ್ಳೆ, ಈ ಮದ್ವೆ ಹೆಂಗ್ ನಡೀತದೋ ನೋಡ್ತೀನಿ ಅಂತ.”

ಆಚೆಯಿಂದ ನಾರಿನ ಸದ್ದು ಮತ್ತೆ ಶುರುವಾಯಿತು. ಅವನು ಅತ್ತೆಯ ಮಾತು ಹೇಳಿದ, ಸೊಸೆಯ ಮಾತು ಹೇಳಿದ, ಪುರೋಹಿತರ ಮಾತನ್ನೂ ಬಿಡಲಿಲ್ಲ. ಮೊದಮೊದಲು ಅವರು ಹೇಳಿದ್ದನ್ನೇ ಹೇಳಿದ. ಆಮೇಲೆ ಸೊಸೆ ತಿರುಗಿ ಉತ್ತರ ಕೊಡದೆ ಅಳುವುದು ಅವನಿಗೆ ಸರಿ ಕಾಣದೆ, ಅವಳ ಪರವಾಗಿ ತಾನೇ ನಾಲ್ಕು ಮಾತು ಸೇರಿಸಿದ. ಆಚೆ ಲತಾಮಣಿ ನಗುವುದು ಕೇಳಿಸಿ ಇನ್ನಷ್ಟು ಸೇರಿಸಿದ. ಅತ್ತೆಗೆ ಅತ್ತೆಯ ದನಿ, ಸೊಸೆಗೆ ಸೊಸೆಯ ದನಿ. ನಾದಸ್ವರವನ್ನು ಮೂಗಿನಿಂದ ಊದಿದ, ಡೋಲನ್ನು ಗೋಡೆಯ ಮೇಲೆ ಬಡಿದ. ತಾಳಿಯ ಹೊತ್ತಿಗೆ ಅವನ ಗಂಟಲು ಸಾಲಿನ ಕೊನೆಯ ಮನೆಯನ್ನು ದಾಟಿತ್ತು.

ಬಾಗಿಲಲ್ಲಿ ಮಹೇಶ್ ಬಂದು ನಿಂತ. ಮಗಳಿಗೆ ಪರೀಕ್ಷೆಯಿದೆ, ದಯವಿಟ್ಟು ಸ್ವಲ್ಪ ಸೌಂಡ್ ಕಮ್ಮಿ ಮಾಡಬೇಕು ಎಂದ. ಪಿಳ್ಳಣ್ಣ ತಿರುಗಿ ಕೂಡ ನೋಡದೆ, ಇರಪ್ಪ, ಮುಹೂರ್ತ ಮೀರುತ್ತೆ ಎಂದು ಕೈ ಬೀಸಿದ.

ಗೋವಿಂದಮ್ಮ ರಿಮೋಟ್ ಎತ್ತಿಕೊಂಡಳು. ಅದನ್ನು ಗಂಡನ ಕಡೆ ಹಿಡಿದು ಸೌಂಡ್ ಕಮ್ಮಿ ಮಾಡುವ ಗುಂಡಿ ಒತ್ತಿದಳು, ಇನ್ನೊಂದು ಸಲ ಒತ್ತಿದಳು.

ಗೋಡೆಯ ಆಚೆಯಿಂದ ಲತಾಮಣಿಯ ದನಿ ಬಂತು. “ಅಕ್ಕಾ, ಇನ್ನೊಂದ್ ಚೂರು ಜೋರಾಗಿ ಇಡಿ. ತಾಳಿ ಕಟ್ಟೋದ್ ಕಾಣ್ತಾ ಇದೆ, ಅತ್ತೆ ಏನಂದ್ಳೋ ಕೇಳಿಸ್ತಿಲ್ಲ.”